ಮೈದಾನದ ಕಡೆ ಮುಖ

"ಮುಖ ಆ ಕಡೆ ತಿರುಗಿಸ್ರೀ," ಎಂದು ಆಕೆ ಗಂಡನ ಗದ್ದಕ್ಕೆ ಎರಡು ಬೆರಳು ಕೊಟ್ಟು ತಳ್ಳಿದರು. "ನನ್ನ ಮುಖದಲ್ಲೇನಿದೆ? ಆಟ ನಡೆಯೋದು ಅಲ್ಲಿ."

"ತಿರುಗಿದ್ದೀನಲ್ಲ," ಎಂದರು ಗಾಜಿನ ಮೇಸ್ತ್ರಿಗಳು.

"ಸುಳ್ಳು. ನಿಮ್ಮ ಉಸಿರು ನನ್ನ ಕೆನ್ನೆಗೆ ತಾಗ್ತಿದೆ."

ಮೇಸ್ತ್ರಿಗಳು ಸಿಕ್ಕಿಬಿದ್ದ ಕಳ್ಳನಂತೆ ಮುಖ ತಿರುಗಿಸಿದರು. ಎದುರಿಗೆ ಕಬ್ಬಿಣದ ಕಂಬಿ, ಕಂಬಿಯಾಚೆ ಹಸಿರು ಮೈದಾನ. ಎರಡು ದೇಶಗಳ ಹುಡುಗರು ಸಾಲಾಗಿ ನಿಂತಿದ್ದರು. ಆಟಗಾರರ ಮನೆಯವರಿಗೆಂದು ಮೀಸಲಿಟ್ಟ ಸಾಲುಗಳಲ್ಲಿ ಇವರಿಗೆ ಎಲ್ಲಕ್ಕಿಂತ ಮುಂದಿನ ಕುರ್ಚಿಗಳು ಸಿಕ್ಕಿದ್ದವು. ಕಣ್ಣು ಕಾಣದ ಹೆಂಡತಿಯನ್ನು ಮೆಟ್ಟಿಲು ಇಳಿಸಿಕೊಂಡು ಬರುವಷ್ಟರಲ್ಲಿ ಮೈಕಿನಲ್ಲಿ ಆಟಗಾರರ ಹೆಸರುಗಳನ್ನು ಓದಿ ಮುಗಿಸಿದ್ದರು. ಜನರ ಗದ್ದಲದಲ್ಲಿ ಮೇಸ್ತ್ರಿಗಳಿಗೆ ಒಂದೂ ಕೇಳಿಸಿರಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ. ಮಗನ ಅಂಗಿಯ ಬೆನ್ನ ಮೇಲೆ ಹದಿಮೂರು, ತಲೆಗೆ ನೀಲಿ ಮೆತ್ತೆಯ ಟೋಪಿ. ಅಷ್ಟನ್ನು ಅವರು ಹಿಂದಿನ ದಿನವೇ ಬಾಯಿಪಾಠ ಮಾಡಿಕೊಂಡಿದ್ದರು.

ಮಗ ದೇಶಕ್ಕಾಗಿ ರಗ್ಬಿ ಆಡಲು ಶುರುಮಾಡಿ ಹದಿನಾಲ್ಕು ವರ್ಷ ಆಗಿತ್ತು. ಈ ಹದಿನಾಲ್ಕು ವರ್ಷದಲ್ಲಿ ಅಪ್ಪ ಅವನ ಒಂದೇ ಒಂದು ಆಟವನ್ನೂ ನೋಡಿದವರಲ್ಲ.

ಹಾಗಂತ ಅವರಿಗೆ ಆಟದ ಸಂಗತಿ ಗೊತ್ತಿರಲಿಲ್ಲ ಎಂದಲ್ಲ. ಆಟವಿದ್ದ ದಿನ ಮೇಸ್ತ್ರಿಗಳು ಅಂಗಡಿಗೆ ಬೀಗ ಹಾಕಿ, ಬೇಗ ಮನೆಗೆ ಬಂದು, ಟಿ.ವಿ.ಗೆ ಬೆನ್ನು ಮಾಡಿ ಕುಳಿತುಕೊಳ್ಳುತ್ತಿದ್ದರು. ಎದುರಿಗೆ ಹೆಂಡತಿ. ಆಕೆ ಟಿ.ವಿ. ನೋಡುವುದು, ಇವರು ಆಕೆಯ ಮುಖ ನೋಡುವುದು. ತುಟಿ ಒಳಕ್ಕೆ ಹೋಯಿತೆಂದರೆ ಮಗನ ಕೈಗೆ ಚೆಂಡು ಬಂತು. ಹುಬ್ಬು ಮೇಲೇರಿದರೆ ಯಾರನ್ನೋ ದಾಟಿದ. ಅಂಗೈ ಬಾಯಿಯ ತನಕ ಬಂದು, ಬಾಯಿಗೆ ತಾಗದೆ ಗಾಳಿಯಲ್ಲೇ ನಿಂತರೆ ಬಿದ್ದಿದ್ದಾನೆ, ಇನ್ನೂ ಎದ್ದಿಲ್ಲ. ಆ ಕೈ ಮಡಿಲಿಗೆ ಇಳಿಯುವವರೆಗೆ ಮೇಸ್ತ್ರಿಗಳ ಜೀವ ಅಂಗೈಯಲ್ಲೇ ಇರುತ್ತಿತ್ತು. ಇಳಿದು, ಮೂಗಿನಿಂದ ಒಂದು ಉದ್ದನೆಯ ಉಸಿರು ಹೊರಬಿದ್ದರೆ ಎದ್ದ. ಮೊದಲ ಅಂತರರಾಷ್ಟ್ರೀಯ ಪಂದ್ಯ, ಭುಜದ ಕೀಲು ತಪ್ಪಿದ ಪಂದ್ಯ, ತಂಡದಿಂದ ಕೈಬಿಟ್ಟು ಮತ್ತೆ ಕರೆಸಿಕೊಂಡ ಪಂದ್ಯ, ಎಲ್ಲವನ್ನೂ ಅವರು ನೋಡಿದ್ದು ಹೀಗೆ, ಒಂದು ಮುಖದಲ್ಲಿ.

ಹೆದರಿಕೆಗೆ ಕಾರಣವಿತ್ತು. ಹುಡುಗ ಹದಿನೇಳರವನಿದ್ದಾಗ ಬಡಾವಣೆಯ ಮೈದಾನದಲ್ಲಿ ಒಮ್ಮೆ ನೋಡಲು ಹೋಗಿದ್ದರು. ಎರಡು ಕಡೆಯಿಂದ ಇಬ್ಬರು ಬಂದು ಗುದ್ದಿದ ಸದ್ದು ಗೆರೆಯಾಚೆಗೂ ಕೇಳಿಸಿತ್ತು. ಜೀವಮಾನವಿಡೀ ಗಾಜು ಹೊತ್ತು ಬೀದಿ ದಾಟಿದ ಮನುಷ್ಯ. ಯಾವ ಸದ್ದಾದರೂ ಮೊದಲು ಒಡೆದದ್ದೇನು ಎಂದು ನೋಡುವ ಅಭ್ಯಾಸ. ಅವತ್ತು ಏನೂ ಒಡೆದಿರಲಿಲ್ಲ, ಹುಡುಗ ನಗುತ್ತಲೇ ಎದ್ದು ಬಂದ. ಮೇಸ್ತ್ರಿಗಳು ಮಾತ್ರ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಹುಡುಗನಿಗೆ ಆಟ ಹತ್ತಿಸಿದ್ದೇ ಅಮ್ಮ, ಅದೂ ಗೊತ್ತಿಲ್ಲದೆ. ಆಕೆಗೊಂದು ಲಾಂಡ್ರಿ ಇತ್ತು. ಬಡಾವಣೆಯ ಕ್ಲಬ್ಬಿನ ಕೆಸರಂಗಿಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಒಗೆದದ್ದನ್ನು ಬುಟ್ಟಿಯಲ್ಲಿ ಹೊತ್ತು ಕ್ಲಬ್ಬಿಗೆ ಕೊಡಲು ಹೋದ ಮಗ ಅಲ್ಲೇ ಉಳಿದುಬಿಟ್ಟ. ಮೊದಲು ಅಂಚಿನಲ್ಲಿ ಓಡಿಸಿದರು, ಆಮೇಲೆ ಎದೆ ಭುಜ ಅಗಲವಾದಂತೆ ನಡುವಿಗೆ ತಂದು ಸೆಂಟರ್ ಮಾಡಿದರು. ಹಾಗೆಂದರೇನು ಎಂದು ಮೇಸ್ತ್ರಿಗಳು ಕೇಳಿದಾಗ ಆಕೆ ವಿವರಿಸಿದ್ದು ಹೀಗೆ: "ಮುಂದಿರೋ ದಪ್ಪನೆಯವರು ಗುದ್ದಾಡಿ ಚೆಂಡು ಗೆದ್ದುಕೊಡ್ತಾರೆ. ತುದಿಯಲ್ಲಿರೋ ಚಿಗರೆಗಳು ಓಡಿ ಅಂಕ ತರ್ತಾರೆ. ನಡುವೆ ನಿಂತು, ಏಟು ತಿಂದು, ದಾರಿ ಬಿಡಿಸೋನು ಸೆಂಟರ್. ಮನೆಯ ನಡುವಿನ ಮಗ ಇದ್ದ ಹಾಗೆ. ಕೆಲಸ ಅವನದು, ಹೆಸರು ಮಿಕ್ಕವರದು."

ಹೆಸರೂ ಬಂತು ಎನ್ನಿ. ಒಂದು ಪಂದ್ಯದ ಕೊನೆಯಲ್ಲಿ ಗೆರೆಯ ಹತ್ತಿರ ಒಬ್ಬರ ಹಿಂದೆ ಒಬ್ಬರಂತೆ ನುಗ್ಗಿದವರನ್ನೆಲ್ಲ ಕೆಡವಿ ಮಲಗಿಸಿದ್ದಕ್ಕೆ ಜನ ಅವನಿಗೆ 'ಚಿಲಕ' ಎಂದು ಹೆಸರಿಟ್ಟರು. ಚಿಲಕ ಬಿದ್ದರೆ ಬಾಗಿಲು ತೆರೆಯದು ಎಂದು ಅರ್ಥ. ಅದೇ ಚಿಲಕ ಇನ್ನೊಂದು ದೊಡ್ಡ ಪಂದ್ಯದಲ್ಲಿ ಒಬ್ಬನನ್ನು ಹಿಡಿಯಲು ಹೋಗಿ ಬರೀ ಗಾಳಿ ಹಿಡಿದ. ದೇಶ ಸೋತಿತು. ಆ ವಾರ ಯಾರೋ ಮೇಸ್ತ್ರಿಗಳ ಅಂಗಡಿಯ ಗಾಜಿಗೇ ಕಲ್ಲು ಹೊಡೆದರು. ಮೇಸ್ತ್ರಿಗಳು ತುಟಿ ಪಿಟಕ್ಕೆನ್ನದೆ ಹೊಸ ಗಾಜು ಕೊಯ್ದು, ಕೂರಿಸಿ, ಅಂಚಿಗೆ ಪುಟ್ಟಿ ತೀಡಿ, ಕೈ ತೊಳೆದುಕೊಂಡರು. ಮಗನಿಗೆ ಇವತ್ತಿಗೂ ಅದು ಗೊತ್ತಿಲ್ಲ.

ಎರಡು ವರ್ಷದ ಹಿಂದೆ ಆಕೆಯ ದೃಷ್ಟಿ ಅಂಚಿನಿಂದ ಒಳಕ್ಕೆ ಒಳಕ್ಕೆ ಮುಚ್ಚಿಕೊಳ್ಳುತ್ತ ಬಂತು. ಈಗ ಹಗಲು ಯಾವುದು ಇರುಳು ಯಾವುದು ಎಂಬಷ್ಟೇ ತಿಳಿಯುತ್ತದೆ. ಲಾಂಡ್ರಿಯನ್ನು ಮಗಳು ನೋಡಿಕೊಳ್ಳುತ್ತಾಳೆ. ಆಟದ ದಿನ ಮಾತ್ರ ಮನೆಯಲ್ಲಿ ವಿಚಿತ್ರವಾಯಿತು. ಟಿ.ವಿ. ಹಾಕಿದರೆ ಆಕೆಗೆ ಕಾಣದು. ಆಟ ಕಾಣದ ಆ ಮುಖದಲ್ಲಿ ಮೇಸ್ತ್ರಿಗಳಿಗೆ ಏನೂ ಸಿಗದು. ಇಬ್ಬರೂ ಎದುರುಬದುರು ಕುಳಿತು ಗದ್ದಲ ಕೇಳುತ್ತಿದ್ದರು, ಅಷ್ಟೆ.

ಇದು ಕೊನೆಯ ಪಂದ್ಯ, ಇದಾದ ಮೇಲೆ ನಿಲ್ಲಿಸುತ್ತೇನೆ ಎಂದು ಮಗ ಹೇಳಿದಾಗ ಆಕೆ ಹಟ ಹಿಡಿದರು. ಅಲ್ಲಿಗೇ ಹೋಗಬೇಕು, ಗಂಡ ಪಕ್ಕದಲ್ಲಿ ಕುಳಿತು ನೋಡಿ ಹೇಳಬೇಕು.

"ಕಿವಿಗೆ ರೇಡಿಯೋ ಸಿಕ್ಕಿಸ್ಕೋ. ಅದರಲ್ಲಿ ಚೆನ್ನಾಗಿ ಹೇಳ್ತಾರೆ," ಎಂದು ಮೇಸ್ತ್ರಿಗಳು ಜಾರಿಕೊಳ್ಳಲು ನೋಡಿದರು.

"ರೇಡಿಯೋದವರು ಎಲ್ಲರ ಬಗ್ಗೆ ಹೇಳ್ತಾರೆ. ನನಗೆ ಒಬ್ಬನದು ಸಾಕು," ಎಂದರು ಆಕೆ. ಮತ್ತೆ, "ಇಷ್ಟು ವರ್ಷ ನಾನು ನಿಮಗೆ ಹೇಳಲಿಲ್ವಾ? ಒಂದೇ ಒಂದು ಸಲ ನೀವು ಹೇಳಿ," ಎಂದರು.

ಮೇಸ್ತ್ರಿಗಳು ಒಪ್ಪಿದರು. ಅಭ್ಯಾಸಕ್ಕೆಂದು ಮಾರನೆಯ ದಿನ ಹಳೆಯ ಆಟವೊಂದನ್ನು ಟಿ.ವಿ.ಯಲ್ಲಿ ಹಾಕಿ ಕುಳಿತರು. ಮೊದಲ ಗುದ್ದಿಗೇ ಎದ್ದು, ಏನೂ ಆಗದ ಕಿಟಕಿಗೆ ಪುಟ್ಟಿ ಮೆತ್ತಲು ಹೋದರು.

ಈಗ ಮೈದಾನದಲ್ಲಿ ಸೀಟಿ ಊದಿದರು.

"ಶುರುವಾಯ್ತು. ಎಲ್ಲಿದ್ದಾನೆ?"

"ಸಿಕ್ಕಿದ. ನೀಲಿ ಟೋಪಿ. ಹದಿಮೂರು. ಆ ತುದಿಗಿದ್ದಾನೆ." ಮೇಸ್ತ್ರಿಗಳ ಎರಡೂ ಕೈ ಕಂಬಿಯನ್ನು ಹಿಡಿದಿದ್ದವು. "ಈಗ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ರು."

"ಅವನೂನಾ?"

"ಇಲ್ಲ, ಅವನು ನಿಂತಿದ್ದಾನೆ. ಬಿದ್ದೋರು ನಿನ್ನ ಒಗೆಯೋ ಬಟ್ಟೆ ರಾಶಿ ಥರ ಇದ್ದಾರೆ. ಯಾರ ಕಾಲು ಯಾರದೋ. ಹಾಂ, ಚೆಂಡು ಬಂತು. ನಮ್ಮ ಹುಡುಗನ ಕೈಗೇ ಬಂತು! ಓಡಿದ... ಅಯ್ಯೋ!"

"ಏನಾಯ್ತು?"

"ಕೈ ತಪ್ಪಿ ಹಿಂದಕ್ಕೆ ಎಸೆದುಬಿಟ್ಟ ಕಣೇ. ಪಾಪ."

ಆಕೆ ನಕ್ಕರು. "ಹಿಂದಕ್ಕೇ ಎಸೀಬೇಕು ಕಣ್ರೀ. ಈ ಆಟದಲ್ಲಿ ಮುಂದಕ್ಕೆ ಎಸೆಯೋ ಹಾಗೇ ಇಲ್ಲ. ಹದಿನಾಲ್ಕು ವರ್ಷದಿಂದ ನಿಮ್ಮ ಮಗ ಹಿಂದಕ್ಕೇ ಎಸೀತಿದ್ದಾನೆ."

"ಮುಂದೆ ಹೋಗಬೇಕಾದೋರು ಹಿಂದಕ್ಕೆ ಯಾಕೆ ಎಸೀಬೇಕು?"

"ಅದನ್ನ ಆಮೇಲೆ ಹೇಳ್ತೀನಿ. ನೀವು ಕಣ್ಣು ತೆಗೀಬೇಡಿ."

ಮೇಸ್ತ್ರಿಗಳ ಬಲಕ್ಕೆ ಕುಳಿತಿದ್ದ ಹೆಂಗಸು ಒಮ್ಮೆ ಇವರ ಕಡೆ ತಿರುಗಿ ನೋಡಿದಳು. ನಲವತ್ತೈದರ ಆಸುಪಾಸು, ಮಡಿಲಲ್ಲಿ ಒಂದು ಕೈಚೀಲ, ಅದರ ಹಿಡಿಯನ್ನು ಹಿಂಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ತಂಡದ ಎಲ್ಲರನ್ನೂ 'ನಮ್ಮ ಹುಡುಗ' ಎನ್ನುವ ವಯಸ್ಸಾದವರು ಎಲ್ಲ ಆಟಕ್ಕೂ ಬರುತ್ತಾರೆ ಎಂದುಕೊಂಡಿರಬೇಕು.

ಹೊತ್ತು ಕಳೆದಂತೆ ಮೇಸ್ತ್ರಿಗಳ ಕೈ ಕಂಬಿಯಿಂದ ಸಡಿಲವಾಯಿತು. ಹದಿಮೂರನೆಯವನು ಒಬ್ಬನ ಸೊಂಟಕ್ಕೆ ಕೈ ಹಾಕಿ ಕೆಡವಿದ, ತಾನೂ ಉರುಳಿದ, ಚೆಂಡಿನಂತೆ ಪುಟಿದು ಎದ್ದ. ಇನ್ನೊಮ್ಮೆ ಇಬ್ಬರ ನಡುವಿನ ಸಂದಿಯಲ್ಲಿ ನುಸುಳಿ ಮೈದಾನದ ಅರ್ಧ ಓಡಿದ. ಮೇಸ್ತ್ರಿಗಳು ತಮಗೇ ಗೊತ್ತಿಲ್ಲದೆ ಎದ್ದು ನಿಂತಿದ್ದರು.

"ಏನು ಓಟ ಕಣೇ ಅದು! ಇವನಿಗೆ ವಯಸ್ಸಾಯ್ತು ಅಂತ ಯಾವನು ಹೇಳಿದ್ದು? ಹುಡುಗನ ಹಾಗೆ ಓಡ್ತಾನೆ!"

"ಹೌದಾ?" ಎಂದರು ಆಕೆ. "ಹೇಳಿ, ಹೇಳಿ. ನಿಮ್ಮ ಬಾಯಲ್ಲಿ ಕೇಳೋಕೆ ಚೆನ್ನಾಗಿದೆ."

ವಿರಾಮದಲ್ಲಿ ಮೇಸ್ತ್ರಿಗಳು ಬಾಟಲಿಯ ನೀರು ಗಟಗಟನೆ ಕುಡಿದರು. ಮುಖವೆಲ್ಲ ಕೆಂಪೇರಿತ್ತು. ಯುದ್ಧ ಗೆದ್ದು ಬಂದ ಗತ್ತು. "ಇಷ್ಟೇನಾ ಇದು? ಸುಮ್ಮಸುಮ್ಮನೆ ಹೆದರ್ಕೊಂಡು ಕೂತಿದ್ದೆ. ಎಷ್ಟೆಲ್ಲ ನೋಡದೆ ಬಿಟ್ಟೆನಲ್ಲೇ!"

"ರೀ, ಒಂದು ಮಾತು..."

"ಏನು?"

ಆಕೆ ಗಂಡನ ದನಿ ಬಂದ ಕಡೆಗೆ ಮುಖ ಮಾಡಿದರು. "ಏನಿಲ್ಲ. ನನಗೂ ಒಂದು ಗುಟುಕು ನೀರು ಉಳಿಸಿ."

ಆಟ ಮತ್ತೆ ಶುರುವಾಗಿ ಬಹಳ ಹೊತ್ತಾಗಿತ್ತು. ಎದುರಾಳಿಗಳು ಸ್ವಲ್ಪದರಲ್ಲಿ ಮುಂದಿದ್ದರು. ಹದಿಮೂರನೆಯವನು ಓಡಿಬರುತ್ತಿದ್ದ ಒಬ್ಬ ಧಡಿಯನನ್ನು ಹಿಡಿಯಲು ಬಗ್ಗಿದ. ತಲೆ ಹೋಗಬಾರದ ಕಡೆ ಹೋಯಿತು. ಧಡಿಯನ ಮೊಣಕಾಲು ನೀಲಿ ಟೋಪಿಗೆ ಬಡಿದ ಸದ್ದು ಮುಂದಿನ ಸಾಲಿಗೆ ಚೆನ್ನಾಗಿ ಕೇಳಿಸಿತು. ಹುಡುಗ ಬಿದ್ದವನು ಬಿದ್ದ ಹಾಗೇ ಇದ್ದ. ಒಂದು ಕೈ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿತ್ತು.

"ಏನದು?" ಎಂದರು ಆಕೆ.

"ಎದ್ದ," ಎಂದರು ಮೇಸ್ತ್ರಿಗಳು. "ಎದ್ದ, ಎದ್ದ. ಏನಿಲ್ಲ. ಎದ್ದು ನಿಂತ."

ಜನರೆಲ್ಲ ತಣ್ಣಗಾಗಿದ್ದರು. ಹುಡುಗ ಎದ್ದಿರಲಿಲ್ಲ. ಮೇಸ್ತ್ರಿಗಳ ಕತ್ತು ಹಳೆಯ ಅಭ್ಯಾಸದಂತೆ ಹೆಂಡತಿಯ ಕಡೆ ತಿರುಗಿತು.

ಆ ಮುಖ ನೋಡಿ ಅವರಿಗೆ ಏನೋ ತಾಳೆಯಾಗಲಿಲ್ಲ. ಅಲ್ಲಿ ಮರುಕವಿತ್ತು, ಅಯ್ಯೋ ಎನ್ನುವಂಥ ಭಾವವಿತ್ತು. ಆದರೆ ತುಟಿ ಒಳಕ್ಕೆ ಹೋಗಿರಲಿಲ್ಲ, ಕೈ ಮಡಿಲಿನಿಂದ ಎದ್ದಿರಲಿಲ್ಲ. ಕಾಣದಿದ್ದರೇನು, ಮೈದಾನ ಹೀಗೆ ಮೌನವಾದರೆ ಅದರ ಅರ್ಥ ಆಕೆಗೆ ಗೊತ್ತಿರದೆ ಇರುವುದೇ? ಇದು ಬೇರೆಯವರ ಮಗ ಬಿದ್ದಾಗಿನ ಮುಖ. ಅದನ್ನೂ ಅವರು ಹನ್ನೆರಡು ವರ್ಷ ನೋಡಿದ್ದರು.

ಮೇಸ್ತ್ರಿಗಳು ನಿಧಾನವಾಗಿ ಬಲಕ್ಕೆ ತಿರುಗಿದರು. ಪಕ್ಕದ ಹೆಂಗಸಿನ ಕೈಚೀಲ ಕೆಳಗೆ ಬಿದ್ದಿತ್ತು. ಅವಳ ಅಂಗೈ ಬಾಯಿಯ ತನಕ ಬಂದು, ಬಾಯಿಗೆ ತಾಗದೆ, ಗಾಳಿಯಲ್ಲೇ ನಿಂತಿತ್ತು.

"ನಮ್ಮೋನು ಎಲ್ಲಿ?" ಎಂದು ಅವರು ಪಿಸುಗುಟ್ಟಿದರು.

"ಬೆಂಚಿನ ಮೇಲಿದ್ದಾನೆ," ಎಂದರು ಹೆಂಡತಿ. "ಬೆಳಿಗ್ಗೆ ಫೋನ್ ಮಾಡಿದ್ದ. ಹದಿಮೂರು ಈ ಹುಡುಗನಿಗೆ ಕೊಟ್ಟಿದ್ದಾರಂತೆ. ಇವನಿಗೆ ಇಪ್ಪತ್ತಮೂರು, ಬೇಕಾದ್ರೆ ಕಳಿಸ್ತಾರೆ. ಅಪ್ಪನಿಗೆ ನೀನೇ ಹೇಳು ಅಂದ. ಬಂದು ಕೂತ ತಕ್ಷಣ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಶುರು ಮಾಡಿದ್ರಿ. ಅಷ್ಟು ಚೆನ್ನಾಗಿ ನೋಡ್ತಿದ್ರಿ. ನಿಲ್ಲಿಸೋಕೆ ಮನಸ್ಸು ಬರಲಿಲ್ಲ ರೀ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪಕ್ಕದಲ್ಲಿ ಆ ಹೆಂಗಸು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, "ನನ್ನ ಕೈಲಿ ನೋಡೋಕಾಗಲ್ಲ. ನನ್ನ ಕೈಲಿ ಆಗಲ್ಲ," ಎನ್ನುತ್ತಿದ್ದಳು. ಈ ಲೋಕದಲ್ಲಿ ಆ ಮಾತು ಅರ್ಥವಾಗುವವರು ಒಬ್ಬರಿದ್ದರೆ ಅದು ತಾವೇ ಎಂದು ಮೇಸ್ತ್ರಿಗಳಿಗೆ ಅನ್ನಿಸಿತು.

"ನೀನು ನೋಡಬೇಡ ತಾಯಿ," ಎಂದರು. "ನಾನು ನೋಡ್ತೀನಿ. ನೋಡಿ ಹೇಳ್ತೀನಿ."

ನೋಡಿದರು. "ಡಾಕ್ಟ್ರು ಬಂದಿದ್ದಾರೆ. ಕತ್ತು ಹಿಡ್ಕೊಂಡಿದ್ದಾರೆ, ಅಲ್ಲಾಡಬಾರದು ಅಂತ. ಇನ್ನೂ ಮಲಗಿದ್ದಾನೆ. ಕಾಲು... ಕಾಲು ಮಡಚಿದ. ಹೌದು, ಅವನೇ ಮಡಚಿದ. ಡಾಕ್ಟ್ರು ಏನೋ ಕೇಳ್ತಿದ್ದಾರೆ, ಇವನು ಬಾಯಿ ಆಡಿಸ್ತಿದ್ದಾನೆ. ಕೂತ. ಎದ್ದು ಕೂತ ತಾಯಿ. ಟೋಪಿ ತೆಗೆದ. ಅಯ್ಯೋ, ಚಿಕ್ಕ ಮುಖ. ಮೀಸೆ ಕೂಡ ಸರಿಯಾಗಿ ಬಂದಿಲ್ಲ."

ಹೆಂಗಸಿನ ಕೈ ಮಡಿಲಿಗೆ ಇಳಿಯಿತು. ಮೂಗಿನಿಂದ ಉದ್ದನೆಯ ಉಸಿರು ಹೊರಬಂತು. ಆಮೇಲೆ ಅವಳು ಅಳುತ್ತ, ನಗುತ್ತ, "ನಿಮ್ಮ ಮಗನ್ನ ನೋಡಿಯೇ ಇವನೂ ನೀಲಿ ಟೋಪಿ ಹಾಕೋದು," ಎಂದಳು.

ಹುಡುಗನನ್ನು ಡಾಕ್ಟರು ಹೆಗಲಿಗೆ ಆನಿಸಿಕೊಂಡು ನಡೆಸಿಕೊಂಡು ಬರುವಾಗ ಗೆರೆಯ ಹತ್ತಿರ ಇನ್ನೊಬ್ಬ ಎದ್ದು ನಿಂತಿದ್ದ. ಬೆನ್ನ ಮೇಲೆ ಇಪ್ಪತ್ತಮೂರು. ಬಗ್ಗಿ ಮೊದಲು ಬಲಗಾಲಿನ, ಆಮೇಲೆ ಎಡಗಾಲಿನ ಕಾಲುಚೀಲ ಮೇಲಕ್ಕೆಳೆದುಕೊಂಡ. ಆರು ವರ್ಷದವನಿದ್ದಾಗ ಶಾಲೆಗೆ ಹೊರಡುವ ಮುಂಚೆ ಬಾಗಿಲಲ್ಲಿ ಹಾಗೇ ಮಾಡುತ್ತಿದ್ದ. ಹೊರಗೆ ಬರುತ್ತಿದ್ದ ಹುಡುಗನನ್ನು ತಡೆದು, ಬರಿತಲೆಯ ಮೇಲೆ ಕೈಯಿಟ್ಟು ಏನೋ ಹೇಳಿದ. ಆಮೇಲೆ ಒಳಗೆ ಓಡಿದ. ಭುಜದ ಹಳೆಯ ನೋವಿಗೆ ಎಡಗೈ ತುಸು ಮೈಗಂಟಿಕೊಂಡೇ ಇತ್ತು.

"ಚಿಲಕ! ಚಿಲಕ!" ಎಂದು ಮೈದಾನವೆಲ್ಲ ಕೂಗತೊಡಗಿತು.

ಇಷ್ಟು ಹೊತ್ತು ಇದ್ದ ಧೈರ್ಯ ಸೋರಿಹೋಯಿತು. ಬೇರೆಯವರ ಮಗನನ್ನು ನೋಡುವುದೇ ಬೇರೆ. ಮೇಸ್ತ್ರಿಗಳ ಕತ್ತು ತಾನಾಗಿ ಹೆಂಡತಿಯ ಕಡೆ ತಿರುಗಿತು. ಅವರ ಉಸಿರು ಕೆನ್ನೆಗೆ ತಾಗಿದ್ದು ಆಕೆಗೆ ಗೊತ್ತಾಯಿತು. ಈ ಸಲ ಆಕೆ ಗದ್ದ ತಳ್ಳಲಿಲ್ಲ.

"ಆಗದಿದ್ರೆ ಬಿಡಿ," ಎಂದರು ಮೆತ್ತಗೆ. "ನನ್ನ ಮುಖಾನೇ ನೋಡಿ. ಪರವಾಗಿಲ್ಲ. ಅದರಲ್ಲಿ ಈಗ ಏನೂ ಬರೆದಿರಲ್ಲ, ಅಷ್ಟೆ."

ಆ ಕಣ್ಣುಗಳು ಅವರ ಹಣೆಯ ಮೇಲೆಲ್ಲೋ ನೆಟ್ಟಿದ್ದವು. ಹನ್ನೆರಡು ವರ್ಷ ಈ ಮುಖ ಅವರ ಪಾಲಿನ ಏಟನ್ನೂ ತಾನೇ ತಿಂದಿತ್ತು. ಪ್ರತಿಯೊಂದನ್ನೂ ಆಕೆ ಒಬ್ಬಳೇ ನೋಡಿದ್ದಳಲ್ಲ ಎಂದು ಅವರಿಗೆ ಈಗ ಹೊಳೆಯಿತು. ಇಷ್ಟು ತಡವಾಗಿ ಹೊಳೆದದ್ದಕ್ಕೆ ನಾಚಿಕೆಯಾಯಿತು. ಕಂಬಿ ಹಿಡಿದು ಮೈದಾನದ ಕಡೆ ತಿರುಗಿದರು.

"ಮಧ್ಯದಲ್ಲಿ ನಿಂತಿದ್ದಾನೆ," ಎಂದರು. "ಎಲ್ಲರಿಗೂ ಕೈ ತೋರಿಸಿ ಏನೋ ಹೇಳ್ತಿದ್ದಾನೆ. ನೀನು ಲಾಂಡ್ರಿಯಲ್ಲಿ ಹೇಳ್ತಿದ್ದ ಹಾಗೆ, ನೀನಲ್ಲಿ, ನೀನಿಲ್ಲಿ ಅಂತ."

"ಹೂಂ."

"ಒಬ್ಬನ್ನ ಹಿಡಿದ. ಬಿದ್ದ. ಎದ್ದ... ನಿಜವಾಗ್ಲೂ ಎದ್ದ."

"ಗೊತ್ತಾಯ್ತು. ಹೇಳಿ."

"ಹೊತ್ತು ಮುಗೀತಾ ಬಂತು ಅನ್ಸುತ್ತೆ, ಎಲ್ಲರೂ ನಿಂತಿದ್ದಾರೆ." ಅವರು ಆಕೆಯನ್ನೂ ತೋಳು ಹಿಡಿದು ಎಬ್ಬಿಸಿ ನಿಲ್ಲಿಸಿಕೊಂಡರು. "ಬಟ್ಟೆ ರಾಶಿ ಬಿತ್ತು. ಚೆಂಡು ಹೊರಗೆ ಬಂತು. ಒಬ್ಬನಿಂದ ಒಬ್ಬನಿಗೆ... ಅವನ ಕೈಗೆ. ಅವನ ಕೈಗೆ ಬಂತು ಕಣೇ. ಓಡ್ತಿದ್ದಾನೆ, ಈ ಕಡೆಗೇ ಬರ್ತಿದ್ದಾನೆ. ಎದುರಿಗೆ ಇಬ್ಬರು, ದೊಡ್ಡೋರು. ಪಕ್ಕಕ್ಕೆ ಹೋಗೋ! ಪಕ್ಕಕ್ಕೆ ಹೋಗ್ತಿಲ್ಲ, ಅವರಿಬ್ಬರ ಮೇಲೇ ಹೋಗ್ತಿದ್ದಾನೆ... ಕೊಟ್ಟ! ಹಿಂದಕ್ಕೆ ಕೊಟ್ಟ!"

ಗುದ್ದಿದ ಸದ್ದು ಕೇಳಿಸಿತು. ಅದರ ಬೆನ್ನಿಗೇ ಇಡೀ ಮೈದಾನ ಬಾಯಿ ಬಿಟ್ಟಿತು. ಚೆಂಡು ಹಿಡಿದ ತುದಿಯ ಚಿಗರೆ ಯಾರಿಗೂ ಸಿಗದೆ ಮೂಲೆಗೆ ಓಡಿ, ಗೆರೆ ದಾಟಿ, ಹೊಟ್ಟೆಯ ಮೇಲೆ ಜಾರಿದ. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಪಕ್ಕದ ಹೆಂಗಸು ಕುಣಿಯುತ್ತಿದ್ದಳು. ಅಷ್ಟೂ ಕಣ್ಣು ಆ ಮೂಲೆಯ ಮೇಲಿದ್ದವು. ಮೇಸ್ತ್ರಿಗಳ ಕಣ್ಣು ಮಾತ್ರ ಮೂಲೆಗೆ ಹೋಗಲಿಲ್ಲ. ಅವರು ನೋಡುತ್ತಿದ್ದದ್ದು ಎದುರಿಗೇ, ಇಬ್ಬರು ಧಡಿಯರು ಎದ್ದುಹೋದ ಮೇಲೂ ಹುಲ್ಲಿನ ಮೇಲೆ ಉಳಿದಿದ್ದ ಒಬ್ಬನನ್ನು.

ಆಕೆ ಗೆದ್ದೆವಾ ಎಂದು ಕೇಳಲಿಲ್ಲ. "ಎದ್ದನಾ?" ಎಂದರು.

"ಇಲ್ಲ."

ಆಕೆ ಕಾದರು.

"ಇಲ್ಲ ಕಣೇ. ಇನ್ನೂ ಇಲ್ಲ."

ಆಕೆ ಗದ್ದಲದ ನಡುವೆ ಕೈ ಚಾಚಿ ಗಂಡನ ಕೆನ್ನೆಯನ್ನು ಹುಡುಕಿದರು. ಸಿಕ್ಕಿತು. ಮುಖ ಮೈದಾನದ ಕಡೆಗೇ ಇತ್ತು. ಕೆನ್ನೆ ಒದ್ದೆಯಾಗಿತ್ತು, ದವಡೆ ಬಿಗಿದುಕೊಂಡಿತ್ತು. ಆಕೆ ಅಂಗೈಯನ್ನು ಅಲ್ಲೇ ಇಟ್ಟುಕೊಂಡು ನಿಂತರು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ದವಡೆ ಸಡಿಲವಾಯಿತು. ಆ ಮುಖ ಮೆಲ್ಲಗೆ, ಯಾರೋ ಒಬ್ಬ ಮನುಷ್ಯ ಕುಂಟುತ್ತ ನಡೆದುಹೋಗುವಷ್ಟೇ ನಿಧಾನವಾಗಿ, ಮೈದಾನದ ಉದ್ದಕ್ಕೆ ತಿರುಗತೊಡಗಿತು. ಆಕೆ ಕೈ ತೆಗೆಯಲಿಲ್ಲ. ಕೈಯೂ ಅದರ ಜೊತೆ ತಿರುಗಿತು.